ನೀಲಿ ಚುಕ್ಕೆ ತೋಡು ದಾಟಿ ಹೋಗುತ್ತಿದೆಯಾ? ಮೊಬೈಲ್ ಜಿಪಿಎಸ್ ಸರಿಯಾಗಿ ಹಿಡಿಯುವ ಕ್ರಮ

ಪಿಕಪ್‌ನವನು ತೋಡಿನ ಆಚೆ ದಡದಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದ. ನಾವು ಈಚೆ ದಡದಲ್ಲಿ. ನಡುವೆ ಎಂಟು ಮೀಟರ್ ನೀರು, ರಸ್ತೆಯಲ್ಲಿ ಸುತ್ತಿ ಬರಬೇಕಾದರೆ ಆರು ಕಿಲೋಮೀಟರ್. ಗಾಡಿ ತುಂಬ ಅಡಿಕೆ ಸಸಿ. ಲೊಕೇಶನ್ ಕಳಿಸಿದ್ದು ನನ್ನ ಭಾವ, ಅದೂ ಮನೆಯೊಳಗೆ ಮಂಚದ ಮೇಲೆ ಕೂತು.

"ಭಾವ, ಕಳಿಸುವಾಗ ಕೆಳಗೆ ಎಷ್ಟು ಮೀಟರ್ ಅಂತ ತೋರಿಸಿತ್ತು?"

"ಯಾವ ಮೀಟರ್?"

ಕಾಸರಗೋಡಿನ ಮುಳ್ಳೇರಿಯ, ಬದಿಯಡ್ಕ, ಪೆರ್ಲದ ಕಡೆಯಿಂದ ನನ್ನ ಹತ್ತಿರ ಬರುವವರದ್ದೆಲ್ಲ ಹೆಚ್ಚು ಕಡಿಮೆ ಇದೇ ಕಥೆ. ಒಬ್ಬರಿಗೆ ಬೋರ್‌ವೆಲ್ ಲಾರಿಗೆ ಜಾಗ ತೋರಿಸಬೇಕು, ಇನ್ನೊಬ್ಬರಿಗೆ ತೋಟ ಎಷ್ಟು ಸೆಂಟ್ಸ್ ಅಂತ ನೋಡಬೇಕು, ಮತ್ತೊಬ್ಬರಿಗೆ ಗುಡ್ಡೆಯಲ್ಲಿ ನೀರಿಗಾಗಿ ಕೊರೆದ ಹಳೆಯ ಸುರಂಗಗಳನ್ನು ಮ್ಯಾಪಿನಲ್ಲಿ ಗುರುತು ಮಾಡಿಡಬೇಕು. ಎಲ್ಲರೂ ಜಿಪಿಎಸ್ ಚುರುಕು ಮಾಡುತ್ತೇನೆ ಅನ್ನುವ ಬೂಸ್ಟರ್ ಆ್ಯಪ್ ಹಾಕಿರುತ್ತಾರೆ, ಫೋನನ್ನು ಗಾಳಿಯಲ್ಲಿ ಎಂಟರ ಆಕಾರಕ್ಕೆ ತಿರುಗಿಸಿರುತ್ತಾರೆ, ಎರಡು ಸಲ ರೀಸ್ಟಾರ್ಟ್ ಮಾಡಿರುತ್ತಾರೆ. ಅಂಗಳಕ್ಕೆ ಇಳಿದು ಎರಡು ನಿಮಿಷ ಸುಮ್ನೆ ನಿಂತವರು ಮಾತ್ರ ಇಲ್ಲ.

ಹಾಗಾಗಿ ಕ್ರಮವಾಗಿ ಬರೆಯುತ್ತಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಮೂರನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಿದರೆ ಏನೂ ಪ್ರಯೋಜನವಿಲ್ಲ.

## ಮೊದಲು ಕೈಯಲ್ಲಿ ಇರಬೇಕಾದ್ದು

ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇರುವ ಫೋನು. ಆಂಡ್ರಾಯ್ಡ್ ಆದರೆ ಜಿಪಿಎಸ್‌ಟೆಸ್ಟ್ ಅನ್ನುವ ಆ್ಯಪ್, ದುಡ್ಡು ಕೊಡಬೇಕಿಲ್ಲ. ಅಳತೆಯ ಕೆಲಸ ಇದ್ದರೆ 30 ಮೀಟರಿನ ಟೇಪು, ಜೊತೆಗೊಬ್ಬ ಮನುಷ್ಯ. ಮತ್ತೆ ಒಂದು ನೋಟ್‌ಬುಕ್, ಪೆನ್ನು. ನಗಬೇಡಿ, ಸ್ಕ್ರೀನ್‌ಶಾಟ್ ತೆಗೆದವರೆಲ್ಲ ಆಮೇಲೆ "ಇದು ಯಾವ ಮೂಲೆಯದ್ದು" ಅಂತ ನನ್ನನ್ನೇ ಕೇಳಿದ್ದಾರೆ.

## ಹಂತ 1: ಎಷ್ಟು ಮೀಟರ್ ತಪ್ಪಿದರೆ ನಡೆಯುತ್ತದೆ, ಮೊದಲು ಅದನ್ನು ತೀರ್ಮಾನಿಸಿ

ಬಯಲಲ್ಲಿ, ಮೇಲೆ ಏನೂ ಅಡ್ಡ ಇಲ್ಲದಾಗ, ಸಾಧಾರಣ ಸ್ಮಾರ್ಟ್‌ಫೋನ್ ಸುಮಾರು 5 ಮೀಟರಿನೊಳಗೆ ಜಾಗ ಹೇಳುತ್ತದೆ. ಎರಡು ಫ್ರೀಕ್ವೆನ್ಸಿ ಹಿಡಿಯುವ ಫೋನು (ಅದೇನು ಅಂತ ಹಂತ 5ರಲ್ಲಿದೆ) ಇನ್ನೂ ಸ್ವಲ್ಪ ಚೆನ್ನಾಗಿ ಹೇಳುತ್ತದೆ. ಅಡಿಕೆ ತೋಟದ ಒಳಗೆ ನನ್ನ ಫೋನಿನಲ್ಲಿ 10ರಿಂದ 20 ಮೀಟರ್ ಮಾಮೂಲಿ.

ಗಾಡಿಯವನಿಗೆ ದಾರಿ ತೋರಿಸಲು 10 ಮೀಟರ್ ಧಾರಾಳ. ಸುರಂಗದ ಬಾಯಿ ಗುರುತಿಸಲು 5 ಮೀಟರ್ ಬೇಕು, ಕಾಡು ಬೆಳೆದರೆ ಹತ್ತು ಮೀಟರಿನಲ್ಲೂ ಹುಡುಕಿ ಸಿಗುವುದಿಲ್ಲ. ಗಡಿಕಲ್ಲಿನ ಜಗಳಕ್ಕೆ ಫೋನು ತೆಗೆಯಲೇ ಬೇಡಿ. ಕೇರಳದ ಡಿಜಿಟಲ್ ರೀಸರ್ವೆಯಲ್ಲಿ ಸರ್ವೆಯವರು ಕೋಲಿನ ಮೇಲೆ ಇಟ್ಟುಕೊಂಡು ತಿರುಗುವ ಆರ್‌ಟಿಕೆ ಉಪಕರಣ ಇದೆಯಲ್ಲ, ಅದು ಒಂದೇ ಕಡೆ ಖಾಯಂ ನಿಲ್ಲಿಸಿದ ಸ್ಟೇಷನ್ನಿನಿಂದ ತಿದ್ದುಪಡಿ ಪಡೆದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ನಿಮ್ಮ ಜೇಬಿನ ಫೋನು ಆ ಜಾತಿಯದ್ದಲ್ಲ.

## ಹಂತ 2: ಮನೆಯಲ್ಲಿ ನೆಟ್ ಇರುವಾಗಲೇ ಮುಗಿಸುವ ಕೆಲಸ

ಒಂದು ಸಲ ಮಾಡಿದರೆ ಸಾಕು, ಆಮೇಲೆ ಸುಮ್ನೆ ಕೆದಕಬೇಡಿ.

ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಲೊಕೇಶನ್, ಅದರೊಳಗೆ ಲೊಕೇಶನ್ ಸರ್ವಿಸಸ್. ಅಲ್ಲಿ ಗೂಗಲ್ ಲೊಕೇಶನ್ ಆಕ್ಯುರಸಿ ಅಂತ ಇರುತ್ತದೆ, ಆನ್ ಮಾಡಿ. ಕಂಪನಿಯಿಂದ ಕಂಪನಿಗೆ ಮೆನುವಿನ ಹೆಸರು ಚೂರು ಬೇರೆ ಇರಬಹುದು.

ಆಮೇಲೆ ಆ್ಯಪಿನ ಪರ್ಮಿಷನ್. ಆಂಡ್ರಾಯ್ಡ್ 12ರಿಂದ ಈಚೆಗೆ ಆ್ಯಪು ಲೊಕೇಶನ್ ಕೇಳುವಾಗ ಪ್ರಿಸೈಸ್, ಅಪ್ರಾಕ್ಸಿಮೇಟ್ ಅಂತ ಎರಡು ಚಿತ್ರ ಬರುತ್ತದೆ. ಅವಸರದಲ್ಲಿ ಎರಡನೆಯದನ್ನು ಒತ್ತಿದವರು ಎಷ್ಟೋ ಜನ. ಒತ್ತಿದರೆ ಆ ಆ್ಯಪಿಗೆ ನಿಮ್ಮ ಜಾಗ ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರ ಗೊತ್ತಾಗುತ್ತದೆ, ನೀವು ಎಷ್ಟು ಹೊತ್ತು ಬಿಸಿಲಲ್ಲಿ ನಿಂತರೂ ಅಷ್ಟೇ. ಐಫೋನಿನಲ್ಲಿ ಐಒಎಸ್ 14ರಿಂದ ಪ್ರತಿ ಆ್ಯಪಿಗೂ ಪ್ರಿಸೈಸ್ ಲೊಕೇಶನ್ ಅನ್ನುವ ಸ್ವಿಚ್ ಇದೆ. ಮ್ಯಾಪ್ಸ್, ವಾಟ್ಸ್ಆ್ಯಪ್, ಅಳತೆಯ ಆ್ಯಪ್, ಮೂರನ್ನೂ ತೆರೆದು ನೋಡಿಬಿಡಿ.

ಬ್ಯಾಟರಿ ಸೇವರ್ ಆಫ್ ಮಾಡಿ. ಕೆಲವು ಫೋನುಗಳಲ್ಲಿ ಅದು ಜಿಪಿಎಸ್ಸನ್ನೇ ನಿದ್ದೆ ಮಾಡಿಸುತ್ತದೆ.

ಇನ್ನು ನೆಟ್ ಯಾಕೆ ಬೇಕು ಅಂದರೆ, ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆ ಅನ್ನುವ ವಿವರವನ್ನು ತಾನೇ ಕಳಿಸುತ್ತಿರುತ್ತದೆ, ಅದನ್ನು ಪೂರ್ತಿ ಕೇಳಿಸಿಕೊಳ್ಳಲು ಫೋನಿಗೆ ಅರ್ಧ ನಿಮಿಷ ಬೇಕು, ಅದೂ ನಡುವೆ ಎಲ್ಲೂ ತುಂಡಾಗದೆ. ಎಲ್ಲ ಜಿಪಿಎಸ್ ಉಪಗ್ರಹಗಳ ಒಟ್ಟು ಪಟ್ಟಿ ಬರಲು 12.5 ನಿಮಿಷ. ನೆಟ್ ಇದ್ದರೆ ಇದೆಲ್ಲ ಕೆಲವೇ ಸೆಕೆಂಡಿನಲ್ಲಿ ಇಳಿದುಬಿಡುತ್ತದೆ. ನಮ್ಮ ಬೈಲುಗಳಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಪುಣ್ಯ, ಹಾಗಾಗಿ ಮನೆಯ ಅಂಗಳದಲ್ಲೇ ಒಮ್ಮೆ ಮ್ಯಾಪ್ ತೆರೆದು ಚುಕ್ಕೆ ಸರಿಯಾಗಿ ಕೂರುವವರೆಗೆ ನಿಂತು, ಆಮೇಲೆ ತೋಟಕ್ಕೆ ಇಳಿಯಿರಿ. ಆ ಜಾಗದ ಮ್ಯಾಪನ್ನು ಆಫ್‌ಲೈನ್ ಡೌನ್‌ಲೋಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಅಳತೆಯ ಕೆಲಸ ಇರುವವರಿಗೆ ಇನ್ನೊಂದು. ಡೆವಲಪರ್ ಆಪ್ಷನ್ಸ್ ಒಳಗೆ ಫೋರ್ಸ್ ಫುಲ್ ಜಿಎನ್‌ಎಸ್‌ಎಸ್ ಮೆಷರ್ಮೆಂಟ್ಸ್ ಅಂತ ಒಂದು ಸ್ವಿಚ್ ಇರುತ್ತದೆ. ಚಾರ್ಜ್ ಉಳಿಸಲು ಫೋನು ಜಿಪಿಎಸ್ಸನ್ನು ಆಗಾಗ ಕ್ಷಣಕಾಲ ನಿಲ್ಲಿಸುತ್ತದೆ, ಇದನ್ನು ಆನ್ ಮಾಡಿದರೆ ನಿಲ್ಲಿಸುವುದಿಲ್ಲ. ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಿ, ಇಲ್ಲದಿದ್ದರೆ ಸಂಜೆಯೊಳಗೆ ಬ್ಯಾಟರಿ ಖಾಲಿ.

## ಹಂತ 3: ಆಕಾಶ ಹುಡುಕಿ

ಮುಕ್ಕಾಲು ಪಾಲು ಕೆಲಸ ಇಲ್ಲೇ.

ಜಿಪಿಎಸ್ ಉಪಗ್ರಹ ಇರುವುದು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ಬರುವ ಸಂಕೇತ ಇಲ್ಲಿಗೆ ತಲುಪುವಾಗ ತೀರಾ ಬಡಕಲಾಗಿರುತ್ತದೆ. ಹಂಚಿನ ಮಾಡು ದಾಟಿ ಸ್ವಲ್ಪ ಬರಬಹುದು, ತಾರಸಿ ದಾಟುವುದು ಕಷ್ಟ, ತಗಡಿನ ಶೀಟು ದಾಟುವುದೇ ಇಲ್ಲ. ನೀರಿಗೂ ಅದನ್ನು ಕುಡಿಯುವ ಚಟ ಇದೆ. ಅದಕ್ಕೇ ಮಳೆ ನಿಂತ ತಕ್ಷಣ, ಸೋಗೆಯಿಂದ ಇನ್ನೂ ಹನಿ ಬೀಳುತ್ತಿರುವಾಗ ತೋಟದೊಳಗೆ ಅಳತೆ ಮಾಡಿದರೆ ಚುಕ್ಕೆ ಕುಣಿಯುತ್ತದೆ. ಮೋಡದಿಂದ, ಮಳೆಯಿಂದ ಅಷ್ಟೇನೂ ತೊಂದರೆ ಇಲ್ಲ. ಒದ್ದೆ ಎಲೆಯೇ ಶತ್ರು.

ನಿಂತಲ್ಲಿಂದ ತಲೆ ಎತ್ತಿ ಒಂದು ಸುತ್ತು ತಿರುಗಿ. ನಾಲ್ಕೂ ದಿಕ್ಕಿನಲ್ಲಿ ಅರ್ಧ ಎತ್ತರದಿಂದ ಮೇಲೆ ಆಕಾಶ ಕಾಣಬೇಕು. ಒಂದೇ ಕಡೆ ಕಂಡರೆ ಸಾಲದು. ಗುಡ್ಡೆಯ ಬುಡದಲ್ಲಿ ನಿಂತಾಗ ಉಪಗ್ರಹವೆಲ್ಲ ಒಂದೇ ಬದಿಯಲ್ಲಿ ಸಿಗುತ್ತವೆ, ಆಗ ಸಂಖ್ಯೆ ಜಾಸ್ತಿ ಇದ್ದರೂ ಲೆಕ್ಕ ಓರೆಯಾಗುತ್ತದೆ. ನಾಲ್ಕು ಕಡೆಯಿಂದ ಹಗ್ಗ ಕಟ್ಟಿದ ಚಪ್ಪರ ಅಲ್ಲಾಡುವುದಿಲ್ಲ, ಒಂದೇ ಕಡೆ ನಾಲ್ಕು ಹಗ್ಗ ಕಟ್ಟಿದರೆ ವಾಲುತ್ತದೆ ಅಲ್ವಾ, ಹಾಗೆ.

ಇನ್ನೊಂದು ಮೋಸ, ಪ್ರತಿಫಲನ. ಕೆಂಪುಕಲ್ಲಿನ ಕೋರೆಯೊಳಗೆ ನಿಂತರೆ ಸುತ್ತ ನೆಟ್ಟಗಿನ ಗೋಡೆ. ಸಂಕೇತ ನೇರ ಬರುವ ಬದಲು ಗೋಡೆಗೆ ಬಡಿದು ಬರುತ್ತದೆ. ಫೋನು ದೂರ ಲೆಕ್ಕ ಹಾಕುವುದು ಸಂಕೇತ ಬರಲು ಹಿಡಿದ ಹೊತ್ತಿನಿಂದ. ಬೆಳಕಿನ ವೇಗ ಆದ್ದರಿಂದ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಡವಾದರೆ 300 ಮೀಟರ್ ದೂರ ಹೆಚ್ಚಾಯಿತು ಅಂತ ಅರ್ಥ. ತಗಡಿನ ಕೊಟ್ಟಿಗೆಯ ಪಕ್ಕ, ನೀರಿನ ಟ್ಯಾಂಕಿನ ಪಕ್ಕ, ನಿಲ್ಲಿಸಿದ ಲಾರಿಯ ಪಕ್ಕ, ಎಲ್ಲ ಕಡೆ ಚಿಕ್ಕ ಪ್ರಮಾಣದಲ್ಲಿ ಇದೇ ನಡೆಯುತ್ತದೆ. ಹತ್ತು ಹೆಜ್ಜೆ ದೂರ ಬನ್ನಿ.

ನಮ್ಮ ಕಡೆ ಇದಕ್ಕೆ ಅತ್ಯುತ್ತಮ ಜಾಗ ಪಾರೆ, ಅಂದರೆ ಗುಡ್ಡೆಯ ಮೇಲಿನ ಬೋಳು ಕಲ್ಲುಬಯಲು. ಮರ ಇಲ್ಲ, ಗೋಡೆ ಇಲ್ಲ, ದಿಗಂತದವರೆಗೆ ಬರೀ ಆಕಾಶ. ಫೋನು ಚೆನ್ನಾಗಿದೆಯಾ ಕೆಟ್ಟಿದೆಯಾ ಅಂತ ತೀರ್ಮಾನಿಸಬೇಕಾದರೆ ಪಾರೆಗೆ ಹತ್ತಿ ಒಮ್ಮೆ ನೋಡಿ. ಅಲ್ಲೂ 15 ಮೀಟರಿನ ಕೆಳಗೆ ಇಳಿಯದಿದ್ದರೆ ಫೋನಿನದ್ದೇ ದೋಷ.

ಫೋನು ಹಿಡಿಯುವುದಕ್ಕೂ ಕ್ರಮ ಇದೆ. ಜಿಪಿಎಸ್ ಆ್ಯಂಟೆನಾ ಹೆಚ್ಚಿನ ಫೋನುಗಳಲ್ಲಿ ಮೇಲಿನ ಅಂಚಿನಲ್ಲಿರುತ್ತದೆ. ಮೇಲ್ಭಾಗವನ್ನು ಅಂಗೈಯಲ್ಲಿ ಮುಚ್ಚಬೇಡಿ, ಕೆಳಗಡೆ ಹಿಡಿಯಿರಿ. ಲೋಹದ ಕವರ್ ಇದ್ದರೆ ಕಳಚಿ. ನಿಮ್ಮ ಮೈಯೂ ನೀರಿನ ಚೀಲವೇ, ಎದೆಗೆ ಒತ್ತಿ ಹಿಡಿದರೆ ಒಂದು ಬದಿಯ ಆಕಾಶ ಹೋಯಿತು. ನಾನು ತೋಟದಲ್ಲಿ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಹಾಕಿಕೊಂಡು ಅದರ ಮೇಲೆಯೇ ಫೋನು ಇಟ್ಟು ನಿಲ್ಲುತ್ತೇನೆ. ಹಾಳೆ ಸಿಗ್ನಲ್ ತಡೆಯುವುದಿಲ್ಲ, ನೋಡಿದವರು ನಗುತ್ತಾರೆ, ಅಷ್ಟೇ.

## ಹಂತ 4: ಕಾಯಿರಿ, ಸಂಖ್ಯೆ ಓದಿ

ನೀಲಿ ಚುಕ್ಕೆ ಕಂಡಿತು ಅಂದರೆ ಜಾಗ ಸಿಕ್ಕಿತು ಅಂತಲ್ಲ. ಮ್ಯಾಪ್ ತೆರೆದ ಕೂಡಲೇ ಬರುವ ಚುಕ್ಕೆ ಹೆಚ್ಚಾಗಿ ಮೊಬೈಲ್ ಟವರಿನದ್ದೋ, ವೈಫೈಯದ್ದೋ, ಇಲ್ಲಾ ನೀವು ಅರ್ಧ ಗಂಟೆ ಹಿಂದೆ ಇದ್ದ ಜಾಗದ್ದೋ ಆಗಿರುತ್ತದೆ. ಗಡಿಯ ಕಡೆ, ಅಡ್ಕಸ್ಥಳ ಸಾರಡ್ಕದ ಸುತ್ತ, ಫೋನು ಕರ್ನಾಟಕದ ಟವರ್ ಹಿಡಿದು ನಿಮ್ಮನ್ನು ಕಿಲೋಮೀಟರ್ ಆಚೆ ಕೂರಿಸಿದರೆ ಗಾಬರಿ ಬೇಡ. ಅದು ಬರೀ ಅಂದಾಜು.

ವೈಫೈ ಇನ್ನೂ ತಮಾಷೆ. ಯಾವ ರೂಟರ್ ಎಲ್ಲಿದೆ ಅನ್ನುವುದು ಮ್ಯಾಪಿನವರ ಪಟ್ಟಿಯಲ್ಲಿ ಇರುತ್ತದೆ, ಆ ರೂಟರನ್ನು ಬಿಚ್ಚಿ ಹೊಸ ಮನೆಗೆ ತಂದರೆ ಪಟ್ಟಿ ತಿದ್ದುವವರೆಗೆ ಹೊಸ ಮನೆಯೂ ಹಳೆಯ ಮನೆಯ ಜಾಗದಲ್ಲೇ ಕಾಣಬಹುದು.

ಚುಕ್ಕೆಯ ಸುತ್ತ ತೆಳು ನೀಲಿ ವೃತ್ತ ಇದೆಯಲ್ಲ, ಅದನ್ನು ನೋಡಿ. ಅದು ಕುಗ್ಗುತ್ತಾ ಬರಬೇಕು. ವಾಟ್ಸ್ಆ್ಯಪಿನಲ್ಲಿ ಸೆಂಡ್ ಯುವರ್ ಕರೆಂಟ್ ಲೊಕೇಶನ್ ಅನ್ನುವುದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಕ್ಯುರೇಟ್ ಟು ಇಷ್ಟು ಮೀಟರ್ಸ್ ಅಂತ ಬರೆದಿರುತ್ತದೆ. ಭಾವ ನೋಡದೇ ಬಿಟ್ಟ ಮೀಟರ್ ಅದೇ. ಆಮೇಲೆ ಅವರನ್ನೇ ಅದೇ ಮಂಚದಲ್ಲಿ ಕೂರಿಸಿ ಮತ್ತೆ ತೆರೆಸಿದೆ: 480. ಅಂಗಳಕ್ಕೆ ಕರೆದುಕೊಂಡು ಬಂದೆ. 480 ಹೋಗಿ 65 ಆಯಿತು, 22 ಆಯಿತು, ಸ್ವಲ್ಪ ಹೊತ್ತು 22ರಲ್ಲೇ ಕೂತಿತು, ಭಾವನಿಗೆ ತಾಳ್ಮೆ ತಪ್ಪಿ ಬೆರಳು ಒತ್ತಲು ಹೋಯಿತು, ಕೈ ಹಿಡಿದೆ. 9. ಮತ್ತೆ 6. "ಈಗ ಒತ್ತಿ" ಅಂದೆ. ಒಟ್ಟು ಒಂದೂವರೆ ನಿಮಿಷ.

ಈ ಸಂಖ್ಯೆಯನ್ನು ಪೂರ್ತಿ ನಂಬಲೂಬೇಡಿ. ಆಂಡ್ರಾಯ್ಡ್ 6 ಮೀಟರ್ ಅಂದರೆ, ನೀವು ಆ 6 ಮೀಟರ್ ವೃತ್ತದ ಒಳಗಿರುವ ಸಾಧ್ಯತೆ ನೂರಕ್ಕೆ 68 ಅಂತ ಲೆಕ್ಕ. ಮೂರರಲ್ಲಿ ಒಂದು ಸಲ ಹೊರಗೂ ಇರಬಹುದು. ಸಂಖ್ಯೆ ಇಳಿದ ಮೇಲೂ ಚುಕ್ಕೆ ಅರ್ಧ ನಿಮಿಷ ಅಲ್ಲಾಡದೆ ನಿಂತಿದೆಯಾ ನೋಡಿ, ನಿಂತರೆ ಮುಂದಕ್ಕೆ.

ಹೊತ್ತಿನ ವಿಷಯ. ಕತ್ತಲಾದ ಮೇಲೆ ಅಳತೆ ಬೇಡ. ಭೂಮಿಯ ಅಯಸ್ಕಾಂತದ ನಡುಗೆರೆ ತಿರುವನಂತಪುರದ ಹತ್ತಿರ ಹಾದುಹೋಗುತ್ತದೆ (ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿದ್ದೂ ಅದೇ ಕಾರಣಕ್ಕೆ). ಈ ಗೆರೆಯ ಆಸುಪಾಸಿನಲ್ಲಿ ಮುಸ್ಸಂಜೆಯಿಂದ ನಡುರಾತ್ರಿವರೆಗೆ ಅಯಾನುಗೋಳ (ವಾತಾವರಣದ ಮೇಲೆ ಇರುವ ವಿದ್ಯುತ್ ಕಣಗಳ ಪದರ) ಕಲಕಿದ ಹಾಗಿರುತ್ತದೆ, ಅದರಲ್ಲೂ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ. ಸಂಕೇತ ಅದರೊಳಗಿಂದ ತೂರಿ ಬರುವಾಗ ಮಿಣುಕುತ್ತದೆ. ಬೆಳಗ್ಗೆ ಮಾಡಿ ಮುಗಿಸಿ.

## ಹಂತ 5: ಉಪಗ್ರಹಗಳ ಪಟ್ಟಿ ನೋಡಿ

ಗಾಡಿಗೆ ದಾರಿ ತೋರಿಸುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಜಿಪಿಎಸ್‌ಟೆಸ್ಟ್ ತೆರೆದರೆ ಸಾಲು ಸಾಲು ಬಾವುಟ: ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ, ಫೋನಿನ ಚಿಪ್ ಒಪ್ಪಿದರೆ ನಮ್ಮ ನಾವಿಕ್. ಪಕ್ಕದ ಕಾಲಮ್ಮಿನಲ್ಲಿ ಸಿ ಬೈ ಎನ್ ಸೊನ್ನೆ ಅಂತ ಒಂದು ಸಂಖ್ಯೆ, ಅದು ಸಂಕೇತದ ಗಟ್ಟಿತನ. 40ರ ಮೇಲೆ ಇದ್ದರೆ ಚೆನ್ನಾಗಿದೆ. 25ರ ಕೆಳಗಿನದ್ದು ಇದ್ದೂ ಇಲ್ಲದ ಹಾಗೆ. ಲೆಕ್ಕಕ್ಕೆ ಕನಿಷ್ಠ ನಾಲ್ಕು ಬೇಕು. ನಾನಂತೂ ಹತ್ತು ಉಪಗ್ರಹ 30ರ ಮೇಲೆ ಬಂದ ಹೊರತು ಗುರುತು ಹಾಕುವುದಿಲ್ಲ.

ಫ್ರೀಕ್ವೆನ್ಸಿಯ ಕಾಲಮ್ಮಿನಲ್ಲಿ ಎಲ್1 ಮಾತ್ರ ಇದೆಯಾ, ಎಲ್5 ಅಥವಾ ಇ5ಎ ಕೂಡ ಇದೆಯಾ ನೋಡಿ. ಎರಡೂ ಇದ್ದರೆ ನಿಮ್ಮದು ಎರಡು ಫ್ರೀಕ್ವೆನ್ಸಿಯ ಫೋನು. ಇಂಥ ಫೋನುಗಳು ಬರಲು ಶುರುವಾದದ್ದು 2018ರಲ್ಲಿ, ಐಫೋನಿಗೆ ಬಂದದ್ದು 14 ಪ್ರೋದಲ್ಲಿ. ಇದರ ಲಾಭ ಏನು? ಎಲ್1 ಸಂಕೇತದ ಸಾಮಾನ್ಯ ಕೋಡನ್ನು ತುಂಡು ತುಂಡಾಗಿ ನೋಡಿದರೆ ಒಂದೊಂದು ತುಂಡು ಸುಮಾರು 293 ಮೀಟರ್ ಉದ್ದ. ಎಲ್5ನದ್ದು 29 ಮೀಟರ್. ಸಣ್ಣ ಗೆರೆಯ ಸ್ಕೇಲಿನಲ್ಲಿ ಅಳೆದ ಹಾಗೆ, ಗೋಡೆಗೆ ಬಡಿದು ಬಂದ ಕಳ್ಳ ಸಂಕೇತ ಯಾವುದು, ನೇರ ಬಂದದ್ದು ಯಾವುದು ಅಂತ ಬೇಗ ಗೊತ್ತಾಗುತ್ತದೆ. ಹೊಸ ಫೋನು ತೆಗೆಯುವವರು ಕ್ಯಾಮೆರಾದ ಮೆಗಾಪಿಕ್ಸೆಲ್ ಜೊತೆ ಇದನ್ನೂ ಒಂದು ಮಾತು ಕೇಳಿ.

ಪಾರೆಯಲ್ಲಿ ಐದು ನಿಮಿಷ ನಿಂತರೂ ಉಪಗ್ರಹ ಸಿಗುತ್ತಿಲ್ಲವಾದರೆ ಮಾತ್ರ ಅದೇ ಆ್ಯಪಿನ ಮೆನುವಿನಲ್ಲಿ ಹಳೆಯ ಸಹಾಯಕ ಮಾಹಿತಿ ಅಳಿಸುವ ಆಯ್ಕೆ ಒತ್ತಿ. ನೆಟ್ ಇರುವಲ್ಲಿ ಮಾಡಿ. ಚೆನ್ನಾಗಿರುವ ಫೋನಿಗೆ ದಿನಾ ಇದನ್ನು ಮಾಡಿದರೆ ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

## ಹಂತ 6: ಗುರುತು ಹಾಕುವುದು, ಸುರಂಗದ ಉದಾಹರಣೆಯಲ್ಲಿ

ಸುರಂಗ ಗೊತ್ತಿಲ್ಲದವರಿಗೆ: ಗುಡ್ಡೆಗೆ ಅಡ್ಡಲಾಗಿ ಮನುಷ್ಯ ನಡೆಯುವಷ್ಟು ಅಗಲಕ್ಕೆ ಕೊರೆದ ನೀರಿನ ದಾರಿ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಈಗಲೂ ಅದೇ ನೀರು. ಮುಚ್ಚಿಹೋದ ಬಾಯಿಗಳನ್ನು ಹುಡುಕಿ ಗುರುತು ಮಾಡಲು ಹೊರಟಾಗ ಮೊದಲ ದಿನ ನಾನು ಮಾಡಿದ ದಡ್ಡತನ ಹೇಳುತ್ತೇನೆ. ತಣ್ಣಗಿದೆ ಅಂತ ಬಾಯಿಯ ಒಳಗೆ ನಾಲ್ಕು ಹೆಜ್ಜೆ ಹೋಗಿ ಅಲ್ಲಿ ನಿಂತು ಪಿನ್ ಹಾಕಿದೆ. ಮನೆಗೆ ಬಂದು ನೋಡಿದರೆ ಆರು ಪಿನ್ನಿನಲ್ಲಿ ಎರಡು ಬಾವಿಕಟ್ಟೆಯ ಹತ್ತಿರ ಇತ್ತು, ಒಂದು ರಸ್ತೆಯ ಮೇಲೆ. ಒಳಗೆ ಒಂದೂ ಉಪಗ್ರಹ ಇಲ್ಲ, ಫೋನು ಹಳೆಯ ಜಾಗವನ್ನೇ ಎಳೆದುಕೊಂಡು ಬಂದಿತ್ತು.

ಬಾಯಿಯ ಎದುರು ನಿಂತರೂ ಸಾಲದು, ಬೆನ್ನ ಹಿಂದೆ ಕಡಿದ ದರೆ, ಅರ್ಧ ಆಕಾಶ ಇಲ್ಲ. ಈಗ ಮಾಡುವುದು ಹೀಗೆ. ಬಾಯಿಯಿಂದ ನೆಟ್ಟಗೆ ಹೊರಗೆ ನಡೆದು ಆಕಾಶ ಕಾಣುವ ಜಾಗಕ್ಕೆ ಬರುತ್ತೇನೆ. ಅಲ್ಲೊಂದು ಗೂಟ. ಅಲ್ಲಿಂದ ಬಾಯಿಗೆ ಟೇಪು ಎಳೆದು ದೂರ ಬರೆಯುತ್ತೇನೆ, ಫೋನಿನ ದಿಕ್ಸೂಚಿಯಲ್ಲಿ ದಿಕ್ಕು ಬರೆಯುತ್ತೇನೆ: "ಗೂಟದಿಂದ 14 ಮೀಟರ್, 70 ಡಿಗ್ರಿ." ಜಿಪಿಎಸ್ ಗುರುತು ಗೂಟದ್ದು, ಬಾಯಿಯದ್ದಲ್ಲ. ಬೋರ್‌ವೆಲ್ ಪಾಯಿಂಟ್ ತೆಂಗಿನ ಮರದ ಬುಡದಲ್ಲಿದ್ದರೂ ಇದೇ ಉಪಾಯ.

ಎಂಟರ ಆಕಾರಕ್ಕೆ ತಿರುಗಿಸುವ ಆಟಕ್ಕೆ ಬೆಲೆ ಇರುವುದು ಇಲ್ಲಿ, ದಿಕ್ಕು ಓದುವ ಮೊದಲು. ಅದು ದಿಕ್ಸೂಚಿಯನ್ನು ಸರಿಮಾಡುತ್ತದೆ, ಮೀಟರಿನ ಲೆಕ್ಕಕ್ಕೆ ಅದರಿಂದ ಒಂದಿಂಚೂ ಉಪಕಾರ ಇಲ್ಲ. ಅಯಸ್ಕಾಂತದ ಬಕಲ್ ಇರುವ ಪೌಚ್ ಇದ್ದರೆ ತೆಗೆದಿಡಿ, ಕತ್ತಿ ಹಾರೆಯನ್ನೂ ದೂರ ಇಡಿ.

ಗೂಟದ ಹತ್ತಿರ ಫೋನನ್ನು ಕಲ್ಲಿನ ಮೇಲೋ ಕೋಲಿನ ತುದಿಗೋ ಇಟ್ಟು ಹತ್ತು ನಿಮಿಷ ಬಿಡಿ. ಸರಾಸರಿ ತೆಗೆಯುವ ಆ್ಯಪುಗಳು ಸಿಗುತ್ತವೆ, ಇಲ್ಲದಿದ್ದರೆ ನಿಮಿಷಕ್ಕೊಂದು ಸಲ ಸಂಖ್ಯೆ ಬರೆದು ನೀವೇ ಸರಾಸರಿ ಮಾಡಿ. ತಾಳ್ಮೆ ಇದ್ದರೆ ನಾಲ್ಕೈದು ಗಂಟೆ ಬಿಟ್ಟು ಇನ್ನೊಮ್ಮೆ ಬನ್ನಿ. ಅಷ್ಟು ಹೊತ್ತಿಗೆ ಆಕಾಶದಲ್ಲಿ ಉಪಗ್ರಹಗಳ ಜಾಗ ಬದಲಾಗಿರುತ್ತದೆ, ತಪ್ಪೂ ಬೇರೆ ದಿಕ್ಕಿಗಿರುತ್ತದೆ, ಎರಡರ ನಡು ತೆಗೆದರೆ ಸತ್ಯಕ್ಕೆ ಹತ್ತಿರ. ಒಂದೇ ಸಲ ಅರ್ಧ ಗಂಟೆ ನಿಲ್ಲುವುದಕ್ಕಿಂತ ಎರಡು ಸಲ ಹತ್ತು ನಿಮಿಷ ನಿಲ್ಲುವುದು ಮೇಲು.

## ಹಂತ 7: ಬರೆಯುವಾಗ, ಕಳಿಸುವಾಗ

ಜಿಪಿಎಸ್ ಸರಿ ಇದ್ದು ಬರವಣಿಗೆಯಲ್ಲಿ ಹಾಳಾದದ್ದು ಕಡಿಮೆ ಏನಿಲ್ಲ.

ಕಾಸರಗೋಡಿನ ಅಕ್ಷಾಂಶ 12ರಲ್ಲಿ ಶುರು, ರೇಖಾಂಶ 75ರ ಆಸುಪಾಸು. ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಅದಲು ಬದಲು ಮಾಡಿದರೆ ನಿಮ್ಮ ತೋಟ ನಾರ್ವೆಯ ಬಡಗಿನ ಸಮುದ್ರದಲ್ಲಿ ಇರುತ್ತದೆ.

ಚುಕ್ಕಿಯ ನಂತರ ಐದು ಅಂಕೆ ಬರೆಯಿರಿ. ಐದನೇ ಅಂಕೆ ಅಂದರೆ ಸುಮಾರು 1 ಮೀಟರ್, ನಾಲ್ಕನೆಯದು 11 ಮೀಟರ್, ಮೂರನೆಯದು 110 ಮೀಟರ್. ಫೋನಿನಲ್ಲಿ ಓದಿ ಹೇಳುವಾಗ "ಅಷ್ಟು ಸಾಕು" ಅಂತ ಎರಡು ಅಂಕೆ ನುಂಗಿದರೆ ನೂರು ಮೀಟರ್ ನುಂಗಿದಂತೆ.

ಅತಿ ಕೆಟ್ಟ ತಪ್ಪು ಡಿಗ್ರಿ–ನಿಮಿಷ–ಸೆಕೆಂಡಿನದ್ದು. 12 ಡಿಗ್ರಿ 30 ನಿಮಿಷ 15 ಸೆಕೆಂಡ್ ಅನ್ನುವುದನ್ನು ಯಾರೋ 12.3015 ಅಂತ ಬರೆಯುತ್ತಾರೆ. ಸರಿಯಾದದ್ದು 12.50417. ಈ ತಪ್ಪಿಗೆ ಬೆಲೆ 22 ಕಿಲೋಮೀಟರ್, ತೆಂಕಕ್ಕೆ. ಆ್ಯಪಿನ ಸೆಟ್ಟಿಂಗಿನಲ್ಲಿ ಡೆಸಿಮಲ್ ಡಿಗ್ರಿ ಮಾಡಿಟ್ಟರೆ ಈ ತಲೆನೋವೇ ಇಲ್ಲ.

ಅಂಕೆ ಬೇಡ ಅನ್ನುವವರಿಗೆ ಅಂಚೆ ಇಲಾಖೆಯ ಡಿಜಿಪಿನ್ ಇದೆ, 2025ರಲ್ಲಿ ಬಂದದ್ದು. ದೇಶವನ್ನೆಲ್ಲ ಸುಮಾರು 4 ಮೀಟರ್ ಚೌಕಗಳಾಗಿ ಹಂಚಿ ಪ್ರತಿಯೊಂದಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದ್ದಾರೆ. ಆದರೆ ನೀವು ಒಳಗೆ ಮಂಚದಲ್ಲಿ ಕೂತು ತೆಗೆದರೆ ಅದೂ ಪಕ್ಕದವರ ಚೌಕವನ್ನೇ ಕೊಡುತ್ತದೆ.

ಗಾಡಿಗೆ ಕಳಿಸುವಾಗ ಮನೆಯ ಪಿನ್ ಕಳಿಸಲೇಬೇಡಿ. ಮ್ಯಾಪು ತನಗೆ ಗೊತ್ತಿರುವ ರಸ್ತೆಗಳಲ್ಲಿ ಆ ಪಿನ್ನಿಗೆ ಅತಿ ಹತ್ತಿರದ್ದನ್ನು ಹಿಡಿಯುತ್ತದೆ, ನಡುವೆ ತೋಡು ಇದೆಯಾ ದರೆ ಇದೆಯಾ ಅಂತ ಅದಕ್ಕೆ ಗೊತ್ತಿಲ್ಲ. ಡಾಮರು ರಸ್ತೆಯಿಂದ ನಿಮ್ಮ ಮಣ್ಣು ರಸ್ತೆ ಕವಲೊಡೆಯುವ ತಿರುವಿಗೆ ಹೋಗಿ ಅಲ್ಲಿ ನಿಂತು ಪಿನ್ ತೆಗೆದಿಡಿ. ಒಂದು ಸಲ ತೆಗೆದರೆ ವರ್ಷಗಟ್ಟಲೆ ಅದನ್ನೇ ಕಳಿಸಬಹುದು. ಜೊತೆಗೆ ಆ ತಿರುವಿನ ಫೋಟೊ. ಅಷ್ಟು ಮಾಡಿದ ಮೇಲೆ ನಮ್ಮಲ್ಲಿ ಯಾವ ಗಾಡಿಯೂ ಆಚೆ ದಡಕ್ಕೆ ಹೋಗಿಲ್ಲ.

## ಹಂತ 8: ತೋಟದ ಅಳತೆ

ಸುತ್ತು ನಡೆದರೆ ವಿಸ್ತೀರ್ಣ ಹೇಳುವ ಆ್ಯಪುಗಳಿವೆ. ಅವನ್ನು ನಂಬಿ ಮಾತುಕತೆಗೆ ಕೂರುವ ಮೊದಲು ಈ ಲೆಕ್ಕ ನೋಡಿ.

10 ಸೆಂಟ್ಸ್ ಜಾಗ ಚೌಕವಾಗಿದೆ ಅಂತ ಇಟ್ಟುಕೊಳ್ಳಿ. ಒಂದು ಬದಿ ಸುಮಾರು 20 ಮೀಟರ್. ನಾಲ್ಕೂ ಬದಿಯಲ್ಲಿ 3 ಮೀಟರ್ ಹೊರಕ್ಕೆ ತಪ್ಪಿದರೆ ಆ್ಯಪು ಸುಮಾರು 17 ಸೆಂಟ್ಸ್ ಅನ್ನುತ್ತದೆ, ಒಳಕ್ಕೆ ತಪ್ಪಿದರೆ 5. ಒಂದು ಎಕರೆಯಾದರೆ ಅದೇ ತಪ್ಪಿಗೆ 82ರಿಂದ 120 ಸೆಂಟ್ಸ್. ಐದು ಎಕರೆಯಾದರೆ ನೂರಕ್ಕೆ ಎಂಟೊಂಬತ್ತು ಪಾಲು ಮಾತ್ರ ವ್ಯತ್ಯಾಸ. ಇದು ತಪ್ಪೆಲ್ಲ ಒಂದೇ ಕಡೆಗೆ ಬಿದ್ದಾಗಿನ ಲೆಕ್ಕ, ಪ್ರತಿ ಸಲ ಇಷ್ಟು ಆಗುವುದಿಲ್ಲ. ಆದರೂ ಗೊಬ್ಬರ ಎಷ್ಟು ಬೇಕು, ಮದ್ದು ಬಿಡಲು ಎಷ್ಟು ದಿನ ಅನ್ನುವುದಕ್ಕೆ ಫೋನು ಸಾಕು. ಮನೆಕಟ್ಟುವ ಹತ್ತು ಸೆಂಟ್ಸಿಗೆ ಟೇಪೇ ಬೇಕು.

ನಡೆಯುತ್ತಾ ಅಳೆಯುವ ಬದಲು ಮೂಲೆ ಮೂಲೆಯಲ್ಲಿ ನಿಂತು, ಹಂತ 4ರ ಹಾಗೆ ಕಾದು, ಒಂದೊಂದೇ ಗುರುತು ಹಾಕಿ. ಅಗಳಿನ (ಗಡಿಯ ಕಂದಕದ) ಒಳಗೆ ಇಳಿದು ನಿಲ್ಲಬೇಡಿ, ದಂಡೆಯ ಮೇಲೆ ನಿಲ್ಲಿ. ಕೊನೆಗೆ ಮೊದಲ ಮೂಲೆಗೆ ಮತ್ತೆ ಬಂದು ಇನ್ನೊಂದು ಗುರುತು ಹಾಕಿ. ಮೊದಲಿನದ್ದಕ್ಕೂ ಇದಕ್ಕೂ ಎಷ್ಟು ಅಂತರ ಬಂತೋ, ನಿಮ್ಮ ಇಡೀ ಅಳತೆಯ ಯೋಗ್ಯತೆ ಸುಮಾರು ಅಷ್ಟೇ.

## ಇವು ಕಂಡರೆ ನಿಲ್ಲಿಸಿ

ನಿಂತೇ ಇದ್ದೀರಿ, ವೇಗ ಗಂಟೆಗೆ 4 ಕಿಲೋಮೀಟರ್ ತೋರಿಸುತ್ತಿದೆ: ಪ್ರತಿಫಲನ. ಜಾಗ ಬದಲಿಸಿ.

ಸಂಖ್ಯೆ 100, 500, 1000 ಹೀಗೆ ಗುಂಡಗೆ ಬಂದು ಕದಲುವುದೇ ಇಲ್ಲ: ಬರೀ ಟವರಿನ ಅಂದಾಜು ಇರಬಹುದು, ಇಲ್ಲಾ ಪ್ರಿಸೈಸ್ ಪರ್ಮಿಷನ್ ಇಲ್ಲ. ಹಂತ 2ಕ್ಕೆ ವಾಪಸ್.

ಸಂಖ್ಯೆ 4 ಮೀಟರ್, ಆದರೆ ಸ್ಯಾಟಲೈಟ್ ಚಿತ್ರದಲ್ಲಿ ಚುಕ್ಕೆ ಮನೆಯ ಮಾಡಿನಿಂದ ಹೊರಗೆ: ಚುಕ್ಕೆಯನ್ನೇ ದೂರಬೇಡಿ. ಗುಡ್ಡೆ ಪ್ರದೇಶದಲ್ಲಿ ಆ ಚಿತ್ರವೇ ಕೆಲವು ಮೀಟರ್ ಸರಿದು ಕೂತಿರುತ್ತದೆ. ಹತ್ತಿರದ ಮೂರು ದಾರಿ ಕೂಡುವ ಜಾಗದಲ್ಲಿ ನಿಂತು ನೋಡಿ. ಅಲ್ಲೂ ಅದೇ ದಿಕ್ಕಿಗೆ ಅಷ್ಟೇ ತಪ್ಪಿದರೆ ಚಿತ್ರದ್ದೇ ತಪ್ಪು.

ಬೂಸ್ಟರ್ ಆ್ಯಪ್ ಹಾಕಿದ ಮೇಲೆ ಚೆನ್ನಾಯಿತು ಅನ್ನಿಸುತ್ತಿದೆ: ಅದು ಮೀಟರ್ ಕಡಿಮೆ ಮಾಡಿದ್ದಲ್ಲ. ಆ್ಯಪ್ ಇಳಿಸಿ ಜಾಹೀರಾತು ನೋಡುವಷ್ಟು ಹೊತ್ತು ನೀವು ಹೊರಗೆ ನಿಂತಿರಿ, ಅಷ್ಟೇ.

ಕೊನೆಯದು ಎತ್ತರ. ಸುರಂಗದ ನೀರು ಪಂಪಿಲ್ಲದೆ ತೋಟಕ್ಕೆ ಇಳಿಯುತ್ತದಾ ಅಂತ ಫೋನಿನಲ್ಲಿ ಎತ್ತರ ನೋಡಿ ಪೈಪು ತಂದವರಿದ್ದಾರೆ. ಫೋನಿನ ಎತ್ತರದ ತಪ್ಪು ಅಡ್ಡ ಅಳತೆಯ ತಪ್ಪಿಗಿಂತ ಜಾಸ್ತಿ. ಮೇಲಾಗಿ ಕೆಲವು ಆ್ಯಪುಗಳು ಸಮುದ್ರಮಟ್ಟದಿಂದ ಅಳೆಯುವುದೇ ಇಲ್ಲ, ಭೂಮಿಯ ಒಂದು ಲೆಕ್ಕದ ಆಕಾರದಿಂದ ಅಳೆಯುತ್ತವೆ. ನಮ್ಮ ಕರಾವಳಿಯಲ್ಲಿ ಸಮುದ್ರಮಟ್ಟ ಆ ಆಕಾರಕ್ಕಿಂತ ತುಂಬಾ ಕೆಳಗಿದೆ, ಹಾಗಾಗಿ ಕುಂಬಳೆಯ ಕಡಲ ಕರೆಯಲ್ಲಿ ಒಣ ಕಾಲಲ್ಲಿ ನಿಂತಿದ್ದರೂ ಮೈನಸ್ 80, 90 ಮೀಟರ್ ತೋರಿಸಬಹುದು. ಎರಡು ಜಾಗದ ನಡುವೆ ಒಂದೆರಡು ಮೀಟರ್ ಇಳಿಜಾರು ನೋಡಬೇಕಾದರೆ ಮೇಸ್ತ್ರಿಯ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ಇರುತ್ತದೆ. ಅರ್ಧ ದಿನಕ್ಕೆ ಕೇಳಿ ತನ್ನಿ.